ಪೈಪು ಮೂಸಿದವನು ನಾನೇ

ವಾಲ್ವ್ ತಿರುಗಿಸಿದವನು ನಾನು. ನಜೀರ್ ಅಲ್ಲ.

ಇಷ್ಟೇ ವಿಷಯ. ಇದನ್ನು ಹೇಳುವುದಕ್ಕೆ ನನಗೆ ಇಷ್ಟು ವರ್ಷ ಬೇಕಾಯಿತು — ಬಿಇ ಓದಿದವನಿಗೆ, ವಂಶದಲ್ಲೇ ಮೊದಲು ಪದವಿ ಪಡೆದವನು ಎಂದು ಹೋದಲ್ಲೆಲ್ಲ ಹೇಳಿಕೊಂಡು ತಿರುಗಿದವನಿಗೆ. ಹೋದ ತಿಂಗಳು ತಿಪಟೂರಿನ ಕಾಲೇಜೊಂದರ ಸಭಾಂಗಣದಲ್ಲಿ ಕೂತು ನನ್ನ ಭಾಷಣಕ್ಕೆ ಹೊಟ್ಟೆ ಹಿಡಿದುಕೊಂಡು ನಕ್ಕಿರಲ್ಲ, ಚಪ್ಪಾಳೆ ತಟ್ಟಿದಿರಲ್ಲ — ನಿಮಗೇ ಬರೆಯುತ್ತಿದ್ದೇನೆ. ನೀವು ನಕ್ಕಿದ್ದು ಒಬ್ಬ ಸಜ್ಜನನ ಮಾನದ ಮೇಲೆ. ನಗಿಸಿದವನು ನಾನು. ಅವತ್ತು ಅಲ್ಲಿ ಇಲ್ಲದಿದ್ದವರೂ ಓದಲಿ.

ನಾನು ಬಿಳಿಗೆರೆಯ ಮಂಜುನಾಥ. ನಮ್ಮದು ತೆಂಗಿನ ತೋಟದ ಮನೆ. ನಮ್ಮ ಕಡೆ ಉಂಡೆ ಕೊಬ್ಬರಿ ಆಗುವುದು ಅಟ್ಟದ ಮೇಲೆ ಎಂಬುದು ನಿಮಗೆ ಗೊತ್ತಿದೆ. ಗೊತ್ತಿಲ್ಲದವರಿಗೆ ಹೇಳುತ್ತೇನೆ: ಕಾಯನ್ನು ಸುಲಿಯದೆ ಅಟ್ಟಕ್ಕೆ ತುಂಬಿ ಹೆಚ್ಚುಕಮ್ಮಿ ವರ್ಷ ಬಿಡಬೇಕು. ಒಳಗಿನ ನೀರು ಆರಿ, ಕೊಬ್ಬರಿ ಕರಟದಿಂದ ಬಿಟ್ಟುಕೊಂಡು, ಅಲ್ಲಾಡಿಸಿದರೆ ಗಡಗಡ ಅನ್ನುತ್ತದೆ. ನಡುವೆ ಎಲ್ಲೋ ಒಂದು ಕಾಯಿ ಕೊಳೆತರೆ ಕಣ್ಣಿಗೆ ಕಾಣುವುದಿಲ್ಲ, ಮೂಗಿಗೆ ತಿಳಿಯುತ್ತದೆ. ಮಂಡಿಯೂರಿ ಮೂಸುತ್ತಾ ಮೂಸುತ್ತಾ ಹೋಗಿ ಆ ಕಾಯನ್ನು ಹುಡುಕಿ ತೆಗೆಯುವುದು ಮನೆಯಲ್ಲಿ ನನ್ನ ಕೆಲಸವಾಗಿತ್ತು. ನನ್ನ ಮೂಗಿನ ಬಗ್ಗೆ ನಮ್ಮವ್ವನಿಗೆ ನನ್ನ ಮಾರ್ಕ್ಸ್ ಕಾರ್ಡಿಗಿಂತ ಹೆಚ್ಚು ಹೆಮ್ಮೆ.

ನಜೀರ್ ತಿಪಟೂರು ಪೇಟೆಯ ಟೈಲರ್ ಒಬ್ಬರ ಮಗ. ಇಬ್ಬರೂ ಒಟ್ಟಿಗೆ ಮೆಕ್ಯಾನಿಕಲ್ ಓದಿದೆವು, ಒಟ್ಟಿಗೆ ಮರೈನ್ ಕೋರ್ಸ್ ಮಾಡಿದೆವು, ಹಡಗಿನ ಎಂಜಿನಿಯರುಗಳಾದೆವು. ಅವನ ಮನೆಯಲ್ಲೂ ಅವನೇ ಮೊದಲ ಪದವೀಧರ. ಅವನು ಅದನ್ನು ಯಾರಿಗೂ ಹೇಳಿದ್ದನ್ನು ನಾನು ಕೇಳಿಲ್ಲ. ನಾನು ಹೇಳದೆ ಬಿಟ್ಟ ಜಾಗವಿಲ್ಲ.

ಕೆಲವು ವರ್ಷ ಎಣ್ಣೆ ಸುಡುವ ಹಡಗುಗಳಲ್ಲಿ ದುಡಿದ ಮೇಲೆ ನಮ್ಮಿಬ್ಬರನ್ನೂ ಗ್ಯಾಸಿನಿಂದ ಓಡುವ ಹೊಸ ಹಡಗಿಗೆ ಹಾಕಿದರು. ಹಳೆಯ ಹಡಗುಗಳು ಸುಡುವುದು ಡಾಂಬರಿನಂಥ ಎಣ್ಣೆ — ಮಸಿ, ಗಂಧಕದ ಘಾಟು, ಎದೆಗೆ ಹೋದರೆ ಕೆಮ್ಮು ನಿಲ್ಲುವುದಿಲ್ಲ. ಹೊಸದರಲ್ಲಿ ನೈಸರ್ಗಿಕ ಅನಿಲ. ಅದನ್ನು ವಿಪರೀತ ತಣ್ಣಗೆ ಮಾಡಿದರೆ ದ್ರವವಾಗುತ್ತದೆ. ಆ ದ್ರವವನ್ನು ಟ್ಯಾಂಕಿನಲ್ಲಿ ಹೊತ್ತುಕೊಂಡು ಹೋಗುವುದು, ಬೇಕಾದಷ್ಟನ್ನು ಮತ್ತೆ ಗ್ಯಾಸ್ ಮಾಡಿ ಎಂಜಿನ್ನಿಗೆ ಉಣಿಸುವುದು. ಮಸಿ ಇಲ್ಲವೆಂದೇ ಹೇಳಬೇಕು. ಗಂಧಕವೂ ಇಲ್ಲ. ಇದು ಸುಳ್ಳಲ್ಲ — ಇಂಧನದ ಮೇಲೆ ನನ್ನ ದೂರಿಲ್ಲ. ಆದರೆ ಒಂದು ಷರತ್ತಿದೆ: ಅದು ಉರಿಯಬೇಕು. ಉರಿಯದೆ ಹಾಗೇ ಗಾಳಿಗೆ ಹೋದರೆ, ಭೂಮಿಯನ್ನು ಕಾಯಿಸುವುದರಲ್ಲಿ ಅದು ಹೊಗೆಗಿಂತ ಎಷ್ಟೋ ಪಾಲು ಕೆಟ್ಟದ್ದು. ಮತ್ತೆ, ಯಾರಿಗೂ ತಿಳಿಯುವುದಿಲ್ಲ. ಮನೆಯ ಸಿಲಿಂಡರ್ ನಾರುತ್ತದಲ್ಲ, ಆ ನಾತ ಸೋರಿಕೆ ಗೊತ್ತಾಗಲೆಂದು ಬೇಕಂತಲೇ ಬೆರೆಸಿದ್ದು. ಹಡಗಿನ ಗ್ಯಾಸಿಗೆ ಹಾಗೇನೂ ಬೆರೆಸುವುದಿಲ್ಲ. ಬಣ್ಣವಿಲ್ಲ, ವಾಸನೆಯಿಲ್ಲ.

ತರಬೇತಿಯ ಮೊದಲ ವಾರ ಪಾಠ ಹೇಳುವವರು ಪೈಪಿನ ಒಂದು ಜಾಯಿಂಟ್ ತೋರಿಸಿ, ಇದು ಸೋರುತ್ತಿದೆಯೋ ಇಲ್ಲವೋ ಹೇಗೆ ತಿಳಿಯುತ್ತೀರಿ ಎಂದು ಕೇಳಿದರು. ನಾನು ಮುಂದೆ ಹೋಗಿ, ಮಂಡಿಯೂರಿ, ಮೂಸಿದೆ. ಯೋಚಿಸಿ ಮಾಡಿದ್ದಲ್ಲ, ಅಟ್ಟದ ಅಭ್ಯಾಸ. "ಏನೂ ಇಲ್ಲ ಸರ್, ಚೆನ್ನಾಗಿದೆ" ಎಂದೂ ಹೇಳಿದೆ. ಅವರು ಗ್ಯಾಸ್ ಪತ್ತೆಹಚ್ಚುವ ಉಪಕರಣವನ್ನು ಅದರ ಹತ್ತಿರ ಹಿಡಿದರು. ಅದು ಕೀ ಕೀ ಎಂದು ಬಡಿದುಕೊಂಡಿತು.

ಎಲ್ಲರಿಗಿಂತ ಜೋರಾಗಿ ನಕ್ಕವನು ನಜೀರ್. "ಲೇ, ಇದೇನ್ ನಿಮ್ಮಟ್ಟ ಅನ್ಕಂಡೇನ್ಲಾ? ಕೊಳ್ತ ಕಾಯಿ ಸಿಕ್ತಾ?" ಅವತ್ತಿನಿಂದ ನಾನು ಮೂಸ್ ಮಂಜ. ಅದರಲ್ಲಿ ಕಹಿ ಇರಲಿಲ್ಲ. ರಜೆಯಲ್ಲಿ ಊರಿಗೆ ಬಂದಾಗ ಈ ಕಥೆಯನ್ನು ತನ್ನ ಪುಟ್ಟ ಮಗಳಿಗೆ ಅಭಿನಯ ಮಾಡಿ ತೋರಿಸುತ್ತಿದ್ದನಂತೆ — ಇದು ನನಗೆ ಆಗ ಗೊತ್ತಿರಲಿಲ್ಲ. ಗೊತ್ತಿದ್ದಿದ್ದರೆ... ಇನ್ನೊಂದು ಸುಳ್ಳನ್ನು ಹುಡುಕಿಕೊಳ್ಳುತ್ತಿದ್ದೆ, ಅಷ್ಟೆ.

ಈಗ ಆ ದಿನಕ್ಕೆ ಬರುತ್ತೇನೆ.

ನಾವು ಬಂದರಿನ ಹೊರಗೆ ಲಂಗರು ಹಾಕಿ ಸರದಿಗೆ ಕಾಯುತ್ತಿದ್ದೆವು. ಹಡಗು ನಿಂತರೂ ಟ್ಯಾಂಕಿನೊಳಗಿನ ದ್ರವ ಸುಮ್ಮನಿರುವುದಿಲ್ಲ. ಹೊರಗಿನ ಬಿಸಿ ತಾಗಿ ಚೂರುಚೂರೇ ಗ್ಯಾಸಾಗುತ್ತದೆ, ಒತ್ತಡ ಏರುತ್ತದೆ. ಎಂಜಿನ್ ಓಡುತ್ತಿದ್ದರೆ ಅದು ತಿಂದುಕೊಳ್ಳುತ್ತದೆ. ನಿಂತಾಗ ಆ ಹೆಚ್ಚುವರಿ ಗ್ಯಾಸನ್ನು ಸುಡುವುದಕ್ಕೆಂದೇ ಒಂದು ಬರ್ನರ್ ಇರುತ್ತದೆ. ನಮ್ಮ ಬರ್ನರ್ ಕೆಟ್ಟಿತ್ತು. ಬಿಡಿಭಾಗ ಬಂದಿರಲಿಲ್ಲ. ಮಾರನೆಯ ದಿನ ಹಡಗು ನೋಡುವುದಕ್ಕೆ ದೊಡ್ಡ ಮನುಷ್ಯರು ಬರುವವರಿದ್ದರು — ಸರಕು ಕಳಿಸುವ ಕಂಪನಿಯವರು, ಜೊತೆಗೆ ಫೋಟೋ ತೆಗೆಯುವವರು. ನಮ್ಮದು 'ಶುದ್ಧ ಹಡಗು' ತಾನೇ. ಹಡಗಿನ ಮಗ್ಗುಲಲ್ಲಿ ಮನೆಯೆತ್ತರದ ಹಸಿರು ಎಲೆಯೊಂದನ್ನು ಬರೆಸಿದ್ದರು. ಆ ಎಲೆಗೆ ನಾಲ್ಕು ದಿನಕ್ಕೊಮ್ಮೆ ಸಿಹಿನೀರಿನ ಸ್ನಾನ. ಬರ್ನರಿಗೆ ಮಾತ್ರ ಒಂದು ಬಿಡಿಭಾಗ ಇಲ್ಲ.

ಚೀಫ್ ಎಂಜಿನಿಯರ್ ನಮ್ಮನ್ನು ಕರೆದರು. ಪರದೆಯ ಮೇಲಿನ ಒತ್ತಡದ ಅಂಕಿಯನ್ನು ಬೆರಳಿನಿಂದ ತಟ್ಟಿ, "ನಾಳೆ ಬೆಳಿಗ್ಗೆ ಈ ಅಂಕಿ ನನಗೆ ಕಾಣಬಾರದು" ಎಂದರು. ಅಷ್ಟೇ. 'ಗ್ಯಾಸ್ ಬಿಡು' ಎಂದು ಅವರ ಬಾಯಿಂದ ಬರಲಿಲ್ಲ. ಅಂಥವರ ಬಾಯಿಂದ ಯಾವತ್ತೂ ಬರುವುದಿಲ್ಲ — ಅದಕ್ಕೆಂದೇ ನಮ್ಮಂಥವರನ್ನು ಸಾಕಿಕೊಂಡಿರುತ್ತಾರೆ.

ಹೊರಗೆ ಬಂದ ಮೇಲೆ ನಜೀರ್ ಅಂದ: "ಇನ್ನೊಂದು ಜನರೇಟರ್ ಹಾಕಣ ಕಣ್ಲಾ. ಪಂಪ್ ಎಲ್ಲಾ ಓಡ್ಸಣ. ಗ್ಯಾಸ್ನ ನಿಧಾನ್ಕೆ ತಿಂದ್ಕಂತೈತೆ. ಸಾಕಾಗ್ದಿದ್ರೆ ಬರ್ನರ್ ಕೆಟ್ಟೈತೆ ಅಂತ ಬರೋರಿಗೆ ಹೇಳಾಣ. ಏನಾಯ್ತದೆ? ನೇಣಿಗಾಕ್ತಾರಾ?"

ಅವನು ಹೇಳಿದ್ದು ಸರಿ. ನಾನು ಸೆಕೆಂಡ್ ಎಂಜಿನಿಯರ್, ಅವನು ಥರ್ಡ್. ಮುಂದಿನ ಸಲ ನಾನು ಚೀಫ್ ಆಗುವ ಮಾತಿತ್ತು. "ನೋಡಾಣ ಬುಡು" ಎಂದೆ.

ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋದಾಗ ನಾನೊಬ್ಬನೇ ಡೆಕ್ಕಿಗೆ ಹೋದೆ. ಟ್ಯಾಂಕಿನ ಗ್ಯಾಸನ್ನು ನೇರ ಗಾಳಿಗೆ ಬಿಡುವ, ಕೈಯಿಂದ ತಿರುಗಿಸುವ ವಾಲ್ವ್ ಅಲ್ಲಿದೆ. ಯಾವ ಕಂಪ್ಯೂಟರಿಗೂ ಲೆಕ್ಕ ಹೋಗುವುದಿಲ್ಲ. ಪ್ರಾಣಕ್ಕೆ ಕುತ್ತು ಬಂದಾಗ ಮಾತ್ರ ಮುಟ್ಟಬೇಕಾದ್ದು. ನಾನು ಮುಟ್ಟಿದ್ದು ಫೋಟೋಗ್ರಾಫರಿಗೋಸ್ಕರ. ತಿರುಗಿಸಿದೆ. ಗ್ಯಾಸ್ ಹೊರಹೋಗುವ ಕಂಬದ ತುದಿಯಲ್ಲಿ ಒಂದಿಷ್ಟು ಬಿಳಿ ಮಂಜು — ಮುಂಜಾನೆ ಕೆರೆಯ ಮೇಲೆ ಇರುವಂಥದ್ದು — ಆಮೇಲೆ ಅದೂ ಇಲ್ಲ. ಬರೀ ನೀಲಿ ಆಕಾಶ. ಗ್ಯಾಸ್ ಹೋಗುತ್ತಲೇ ಇತ್ತು. ನಾನು ಅಲ್ಲೇ ನಿಂತು ಕೆಳಗೆ ಎಲೆಯ ಕಡೆ ನೋಡಿದೆ. ನಗು ಬಂದಿತ್ತು ನನಗೆ, ಅದನ್ನು ಬಚ್ಚಿಡುವುದಿಲ್ಲ. ಎಂಥ ಜಾಣ ನಾನು ಎಂಬ ನಗು.

ಗಾಳಿ ತಿರುಗಿತು. ಗ್ಯಾಸ್ ಮೇಲೆ ಹೋಗುವುದು ಬಿಟ್ಟು ಡೆಕ್ಕಿನ ಮೇಲೆ ಇಳಿಯಿತು. ಡೆಕ್ಕಿನ ಗ್ಯಾಸ್ ಪತ್ತೆಯ ಸೈರನ್ ಹೊಡೆದುಕೊಂಡಿತು. ಹಡಗಿನ ಹಿಂಭಾಗದಲ್ಲಿ ಒಬ್ಬ ಊಟಕ್ಕೆ ಹೋಗದೆ ಯಂತ್ರ ಹಿಡಿದು ಕಬ್ಬಿಣ ಉಜ್ಜುತ್ತಿದ್ದ. ಒಂದು ಕಿಡಿ ಇತ್ತ ಬಂದಿದ್ದರೆ ಇದನ್ನು ಬರೆಯಲು ನಾನಿರುತ್ತಿರಲಿಲ್ಲ, ಅವನೂ ಇರುತ್ತಿರಲಿಲ್ಲ. ವಾಲ್ವ್ ಮುಚ್ಚಿ, ಏಣಿಯಿಳಿದು, ಎಲ್ಲರ ಜೊತೆ ಓಡಿ ಬಂದವನಂತೆ ಓಡಿ ಬಂದೆ. ಏದುಸಿರು ಸಹ ಬಿಟ್ಟೆ.

ಸೈರನ್ ಆಗಿದ್ದನ್ನು ಅಳಿಸುವುದಕ್ಕೆ ಆಗುವುದಿಲ್ಲ. ಸಂಜೆಯೇ ದಡದಿಂದ ಕಂಪನಿಯ ಅಧಿಕಾರಿ ಬಂದರು. ಹಡಗಿನ ಆಫೀಸಿನಲ್ಲಿ ನಾಲ್ಕೇ ಜನ: ಅವರು, ಚೀಫ್, ನಜೀರ್, ನಾನು. "ವಾಲ್ವ್ ತೆಗೆದವರು ಯಾರು?" ಎಂದು ಕೇಳಿದರು. ಚೀಫ್ ಗೋಡೆಯ ಗಡಿಯಾರ ನೋಡುತ್ತಿದ್ದರು.

ನಾನು ಬಾಯಿಬಿಟ್ಟೆ.

"ಇವತ್ತಿನ ಡ್ಯೂಟಿ ನಜೀರ್‌ದು, ಸರ್."

ಗಮನಿಸಿ — ಇದರಲ್ಲಿ ಒಂದು ಸುಳ್ಳು ಅಕ್ಷರವಿಲ್ಲ. ಅವತ್ತಿನ ಡ್ಯೂಟಿ ಅವನದೇ. ಓದಿದವನು ಹೇಳುವ ಸುಳ್ಳು ಹೀಗಿರುತ್ತದೆ. ಎಲ್ಲಿ ಹಿಡಿದರೂ ನಿಜವೇ ಕೈಗೆ ಸಿಗುತ್ತದೆ. ಹೆಬ್ಬೆಟ್ಟಿನವನಾಗಿದ್ದರೆ 'ನಾನಲ್ಲ' ಎಂದು ನೇರವಾಗಿ ಸುಳ್ಳು ಹೇಳಿ ಸಿಕ್ಕಿಬೀಳುತ್ತಿದ್ದೆ. ನನ್ನ ಪದವಿ ನನ್ನನ್ನು ಉಳಿಸಿತು.

ನಜೀರ್ ನನ್ನ ಕಡೆ ತಿರುಗಿ ನೋಡಿದ. ಕೋಪ ಇರಲಿಲ್ಲ — ಏನಿತ್ತು ಎಂದು ಇವತ್ತಿಗೂ ನನಗೆ... ಬಿಡಿ. "ನಾನು ತೆಗೆದಿಲ್ಲ ಸರ್" ಎಂದ. "ಹಾಗಾದರೆ ಯಾರು?" ಎಂದರು ಅಧಿಕಾರಿ. ಅವನು ನನ್ನ ಹೆಸರು ಹೇಳುತ್ತಾನೆಂದು ನಾನು ಕಾದೆ. ಹೇಳಲಿಲ್ಲ. ಆ ಮೌನವನ್ನು ಅವರು ಒಪ್ಪಿಗೆ ಎಂದುಕೊಂಡರು. ಹಾಗೆಂದುಕೊಳ್ಳುವುದು ಎಲ್ಲರಿಗೂ ಅನುಕೂಲವಾಗಿತ್ತು.

ಅವನನ್ನು ಮನೆಗೆ ಕಳಿಸಿದರು. ಮತ್ತೆ ಯಾವ ಹಡಗಿನವರೂ ಕರೆಯಲಿಲ್ಲ. ಮಾರನೆಯ ದಿನ ಎಲೆಯ ಮುಂದೆ ನಿಂತು ಫೋಟೋ ತೆಗೆಸಿಕೊಂಡವರ ಸಾಲಿನಲ್ಲಿ ನಾನೂ ಇದ್ದೆ. ಮುಂದೆ ಚೀಫ್ ಆದೆ. ಈಗ ದಡದ ಮೇಲೆ ಕೆಲಸ — ಶುದ್ಧ ಇಂಧನದ ಬಗ್ಗೆ ಹೊಸಬರಿಗೆ ಪಾಠ ಹೇಳುವುದು! ಆ ಪಾಠಗಳಲ್ಲಿ, ನಿದ್ದೆ ಹೋಗುವವರನ್ನು ಎಬ್ಬಿಸಲೆಂದು, ಒಂದು ಕಥೆ ಸೇರಿಸಿಕೊಂಡೆ: ನಮ್ಮ ಹಡಗಿನಲ್ಲಿ ಒಬ್ಬ ಪೆದ್ದ ಇದ್ದ, ಪೈಪು ಮೂಸುತ್ತಿದ್ದ, ಕಡೆಗೆ ವಾಲ್ವ್ ತೆಗೆದು ಗ್ಯಾಸೆಲ್ಲ ಬಿಟ್ಟು ಮನೆಗೆ ಹೋದ. ವಾಲ್ವನ್ನು ಅವನ ಕೈಗೆ ಕೊಟ್ಟಿದ್ದೆ. ಮೂಗನ್ನೂ ಅವನಿಗೇ ಅಂಟಿಸಿದೆ. ಹೇಳಿ ಹೇಳಿ, ಮೂಸಿದ್ದು ಯಾರು ಎಂಬುದೇ ನನಗೆ ಮರೆತಂತಾಗಿತ್ತು.

ಇಂಥವನನ್ನು ನೀವು ಕರೆದು ಸನ್ಮಾನಿಸಿದಿರಿ. ಮೈಸೂರು ಪೇಟ, ಶಾಲು, ತೂಕಕ್ಕೆ ಕುತ್ತಿಗೆ ಬಗ್ಗುವಂಥ ಕೊಬ್ಬರಿ ಹಾರ. ಪ್ರಾಂಶುಪಾಲರು "ತಾಲ್ಲೂಕಿನ ಹೆಮ್ಮೆಯ ಪುತ್ರ" ಎಂದರು. ಹಿಂದಿನ ಅತಿಥಿಗೂ ಅದನ್ನೇ ಅಂದಿದ್ದರಂತೆ. ನಮ್ಮವ್ವ ಮುಂದಿನ ಸಾಲಿನಲ್ಲಿ ಕೂತಿದ್ದಳು. ನಾನು ಹಸಿರು ಎಲೆಯ ಚಿತ್ರ ತೋರಿಸಿದೆ. ಸಮುದ್ರದ ಗಾಳಿಯನ್ನು ನಾನೇ ಸ್ವಂತ ಖರ್ಚಿನಲ್ಲಿ ಸ್ವಚ್ಛ ಮಾಡಿದವನಂತೆ ಮಾತಾಡಿದೆ. ಆಮೇಲೆ ಕಥೆ. ಊರಿನವರು ಎಂದು ಇನ್ನಷ್ಟು ಮಸಾಲೆ ಹಾಕಿದೆ: "ನಮ್ಮ ತಿಪಟೂರಿನೋನೇ ಕಣ್ರೀ ಒಬ್ಬ! ಅಟ್ಟದ್ ಮೇಲೆ ಕೊಳ್ತ ಕಾಯಿ ಹುಡುಕ್ದಂಗೆ ಪೈಪ್ ಮೂಸೋನು!" ಮೂಸಿ ತೋರಿಸಿದೆ. ಸಭೆ ಬಿದ್ದು ಬಿದ್ದು ನಕ್ಕಿತು. ಕಾಯಿ ಮೂಸುವುದು ಏನೆಂದು ನಿಮಗಲ್ಲದೆ ಇನ್ಯಾರಿಗೆ ಗೊತ್ತು? "ಡಿಗ್ರಿ ಇದ್ರೆ ಸಾಲ್ದು ಮಕ್ಕಳೇ, ಜವಾಬ್ದಾರಿ ಇರ್ಬೇಕು" ಎಂದು ಮುಗಿಸಿದೆ. ಹೌದು, ನಾನೇ ಹೇಳಿದ್ದು ಆ ಮಾತನ್ನು.

ವಂದನಾರ್ಪಣೆಗೆ ಒಬ್ಬ ಹುಡುಗಿ ಬಂದಳು. ತಲೆಯ ಮೇಲೆ ದುಪಟ್ಟಾ, ಕೈಯಲ್ಲಿ ಬರೆದುಕೊಂಡ ಚೀಟಿ. ಪ್ರಾಂಶುಪಾಲರಿಗೆ, ಆಡಳಿತ ಮಂಡಳಿಗೆ, ಮೈಕ್ ಸೆಟ್ಟಿನವರಿಗೆ ವಂದನೆ ಹೇಳಿದಳು. ನನ್ನ ಹೆಸರು ಬಂದ ಕಡೆ ನಿಲ್ಲಿಸಿದಳು. ಚೀಟಿ ಮಡಚಿದಳು.

"ಸರ್, ಒಂದ್ ಮಾತು ಕೇಳ್ಲಾ? ನಮ್ಮಬ್ಬನೂ ನಿಮ್ಮ ಜೊತೆ ಹಡಗಲ್ಲಿದ್ರು. ನಜೀರ್ ಅಂತ. ಪೈಪ್ ಮೂಸಿದ್ ಕಥೆ ನಾನು ಚಿಕ್ಕೋಳಿದ್ದಾಗಿಂದ ಕೇಳಿದೀನಿ. ಮೂಸಿದ್ದು ಬಿಳಿಗೆರೆ ಮಂಜ ಅಂತಿದ್ರು."

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಅವಳು ನಗಲಿಲ್ಲ.

"ಮನೆಗೆ ಕಳಿಸಿದ್ದು ನಮ್ಮಬ್ಬನ್ನ. ಅದು ನಿಜ. ಆದ್ರೆ ಸರ್, ನಮ್ಮನೇಲಿ ಅಟ್ಟ ಇಲ್ಲ. ತೋಟ ಇಲ್ಲ. ನಮ್ ತಾತ ಟೈಲರ್. ಮೂಸೋಕೆ ಕಾಯಿ ಎಲ್ಲಿತ್ತು ಸರ್ ನಮಗೆ?"

ನಾನು ಇನ್ನೊಂದು ಮೈಕ್ ಹಿಡಿದು — ಆಗಲೂ, ಆಗಲೂ — "ಅದು ತಮಾಷೆಗೆ ಹೇಳಿದ್ದಮ್ಮ" ಎಂದೆ. ಉಪನ್ಯಾಸಕರೊಬ್ಬರು ಅವಳ ಕೈಯಿಂದ ಮೈಕ್ ತೆಗೆದುಕೊಂಡು "ಸಮಯದ ಅಭಾವ" ಎಂದರು. ರಾಷ್ಟ್ರಗೀತೆಗೆ ಎಲ್ಲರೂ ಎದ್ದು ನಿಂತರು. ನಾನು ಕೊಬ್ಬರಿ ಹಾರದೊಂದಿಗೆ ನಿಂತೆ. ಮನೆಗೆ ಬರುವಾಗ ಕಾರಿನಲ್ಲಿ ನಮ್ಮವ್ವ ಆಡಿದ್ದು ಒಂದೇ ಮಾತು: "ಅಟ್ಟ ನಮ್ದಲ್ವೇನ್ಲಾ ಇರಾದು?"

ಮಾರನೆಯ ದಿನ ನಜೀರ್‌ನನ್ನು ಹುಡುಕಿಕೊಂಡು ಹೋದೆ. ಊರಾಚೆಯ ಕೊಬ್ಬರಿ ಪುಡಿ ಕಾರ್ಖಾನೆಯಲ್ಲಿ ಬಾಯ್ಲರ್ ನೋಡಿಕೊಳ್ಳುತ್ತಾನೆ. ಹಡಗು ನಡೆಸಬಲ್ಲವನು ತೆಂಗಿನ ಚಿಪ್ಪು ಉರಿಸುವ ಬೆಂಕಿಯ ಮುಂದೆ ನಿಂತಿದ್ದ. ಗಡ್ಡ ನೆರೆತಿದೆ. ನಾನು ಬಂದದ್ದು ತಿಳಿದರೂ ಒತ್ತಡದ ಗೇಜಿನಿಂದ ಕಣ್ಣು ಕೂಡ ತೆಗೆಯಲಿಲ್ಲ.

"ಏನ್ಲಾ ಮೂಸ್ ಮಂಜ, ಇಲ್ಲೂ ಏನಾರ ಸೋರ್ತೈತಾ ನೋಡಾಕ್ ಬಂದ್ಯಾ?"

"ನಜೀರ, ಅವತ್ತು ವಾಲ್ವ್ ತಿರುಗ್ಸಿದ್ದು ನಾನು ಕಣ್ಲಾ."

"ಗೊತ್ತು."

"ಮತ್ಯಾಕೆ ಅವತ್ತು ನನ್ ಹೆಸ್ರು ಹೇಳ್ಲಿಲ್ಲ?"

"ನಾನ್ ನೋಡಿರ್ಲಿಲ್ವಲ್ಲ. ನೀನೇ ಅಂತ ಗೊತ್ತಿತ್ತು, ಕಣ್ಣಾರೆ ನೋಡಿರ್ಲಿಲ್ಲ. ನೋಡ್ದೆ ಇರಾದ್ನ ಹೆಂಗ್ಲಾ ಹೇಳಾದು?" ಕೈಯನ್ನು ಬಟ್ಟೆಗೆ ಒರೆಸಿಕೊಂಡ. "ನೀನ್ ಹೇಳ್ತೀಯ ಅನ್ಕಂಡಿದ್ದೆ. ಅವತ್ತಲ್ದಿದ್ರೆ ನಾಳೆ, ನಾಳೆ ಅಲ್ದಿದ್ರೆ ಹಬ್ಬಕ್ಕೆ ಊರಿಗ್ ಬಂದಾಗ. ಎರಡ್ ವರ್ಷ ಆದ್ಮೇಲೆ ಅನ್ಕೊಳಾದ್ ಬಿಟ್ಟೆ."

ನಾನು ತಪ್ಪಾಯಿತು ಎಂದೆ. ಕೈ ಹಿಡಿಯಲು ಹೋದೆ. ಹಿಂದೆ ಸರಿದ.

"ಥೂ! ನಂಗ್ ಗೊತ್ತಿರಾದ್ನ ನಂಗೇ ಹೇಳಿ ಹಗುರ ಆಗಾಕ್ ಬಂದ್ಯಾ? ಯಾರಿಗೂ ಕಾಣ್ದಂಗೆ ಗ್ಯಾಸ್ ಬಿಡಾದು ಇನ್ನೂ ಬಿಟ್ಟಿಲ್ಲ ಅನ್ನು ನೀನು. ಅಲ್ ಕುಂತ್ಕಂಡ್ ನಕ್ರಲ್ಲ, ಅವ್ರಿಗೇಳೋಗು. ನನ್ ಮಗಳಿಗೇಳೋಗು. ಅಬ್ಬ ಏನೋ ಮಾಡಿರ್ಬೇಕು, ಅದ್ಕೇ ಕಳ್ಸಿದಾರೆ ಅಂತ ಅವ್ಳಿಗೂ ಒಂದು ಗುಮಾನಿ ಇತ್ತು. ಕೇಳ್ತಿರ್ಲಿಲ್ಲ, ನಂಗ್ ತಿಳೀತಿತ್ತು. ಒಂದೇ ಮನೇಲಿ ಇದ್ಕಂಡು ಅದ್ನ ನುಂಗಾದು ಹೆಂಗಿರ್ತೈತೆ ಗೊತ್ತೇನ್ಲಾ ನಿಂಗೆ?"

ಗೊತ್ತಿಲ್ಲ. ಗೊತ್ತಿದೆ ಎಂದು ಈಗಲೂ ಹೇಳುವುದಿಲ್ಲ.

ಹೊರಡುವಾಗ ಕಾರ್ಖಾನೆಯ ಚಿಮಣಿ ತೋರಿಸಿದ. ಕರಿ ಹೊಗೆ ತೋಟದ ಮೇಲೆ ಹಾಯುತ್ತಿತ್ತು. "ನೋಡ್ಲಾ, ನಂದೂ ಗಲೀಜೇ. ಆದ್ರೆ ಊರಿಗೆಲ್ಲ ಕಾಣ್ತೈತೆ. ಬಯ್ಯೋರು ಬಂದು ನನ್ನೇ ಬಯ್ತಾರೆ."

ಪ್ರಾಂಶುಪಾಲರಿಗೆ ಫೋನ್ ಮಾಡಿ, ಅದೇ ವೇದಿಕೆಯ ಮೇಲೆ ಹತ್ತು ನಿಮಿಷ ಕೊಡಿ ಎಂದು ಕೇಳಿದೆ. "ಬಿಡಿ ಸರ್, ಮುಗಿದ್ ವಿಚಾರ. ಕಾಲೇಜಿನ ಮರ್ಯಾದೆ ಪ್ರಶ್ನೆ" ಎಂದರು. ಮೈಕಿಗೆ ಮರ್ಯಾದೆ ಇರುವುದು ಸುಳ್ಳು ಹೇಳುವಾಗ ಮಾತ್ರ ಎಂದು ಕಾಣುತ್ತದೆ. ಅದಕ್ಕೇ ಇಲ್ಲಿ, ಪತ್ರಿಕೆಯಲ್ಲಿ, ಬರೆಯುತ್ತಿದ್ದೇನೆ. ನಾನು ಕೆಲಸ ಮಾಡುವ ಕಂಪನಿಗೆ, ನನಗೆ ಹಡಗಿನ ಸರ್ಟಿಫಿಕೇಟ್ ಕೊಟ್ಟ ಕಚೇರಿಗೆ, ಅವತ್ತಿನ ಅಧಿಕಾರಿಗೆ ಇದನ್ನೇ ಕಳಿಸಿದ್ದೇನೆ. ಸರ್ಟಿಫಿಕೇಟ್ ಕಿತ್ತುಕೊಳ್ಳಬಹುದು, ಕಿತ್ತುಕೊಳ್ಳಲಿ. ಇದು ದೊಡ್ಡತನವಲ್ಲ. ಆ ಹುಡುಗಿ ಅವತ್ತು ಚೀಟಿಯಲ್ಲಿದ್ದಷ್ಟನ್ನೇ ಓದಿ ಇಳಿದಿದ್ದರೆ, ಇವತ್ತು ನಾನು ಇನ್ಯಾವುದೋ ಊರಿನಲ್ಲಿ ಪೈಪು ಮೂಸಿ ತೋರಿಸುತ್ತಾ ನಿಂತಿರುತ್ತಿದ್ದೆ. ನಾನಾಗಿ ನಾನು ನಿಲ್ಲಿಸುತ್ತಿರಲಿಲ್ಲ. ಇದನ್ನು ಮರೆಯಬೇಡಿ.

ಆಯೇಷಾ, ನಿನ್ನ ಹೆಸರನ್ನು ನಿಮ್ಮಬ್ಬನ ಬಾಯಿಂದ ಕೇಳಿ ತಿಳಿದುಕೊಂಡೆ. ನೀನು ಕೇಳಿದ ಪ್ರಶ್ನೆಗೆ ಅವತ್ತು ಉತ್ತರ ಕೊಡಲಿಲ್ಲ. ನಕ್ಕವರೆಲ್ಲರ ಮುಂದೆ ಈಗ ಕೊಡುತ್ತಿದ್ದೇನೆ. ನಿಮ್ಮ ಮನೆಯಲ್ಲಿ ಕಾಯಿ ಇರಲಿಲ್ಲಮ್ಮ. ಕಾಯಿ ಇದ್ದದ್ದು ನಮ್ಮ ಅಟ್ಟದ ಮೇಲೆ. ಮೂಗು ನನ್ನದು. ವಾಲ್ವಿನ ಮೇಲಿದ್ದ ಕೈಯೂ ನನ್ನದೇ.